ನೀರಿಲ್ಲದೆ ನೀರಾದ ಉಪ್ಪು

ರಾತ್ರಿ ಮನೆಯೆಲ್ಲ ನಿಶ್ಶಬ್ದವಾದ ಮೇಲೆ ನಮ್ಮ ಮಲಗುವ ಕೋಣೆಯಲ್ಲಿ ಗಡಿಯಾರವಿಲ್ಲದಿದ್ದರೂ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಅದು ನಮ್ಮ ಯಜಮಾನರ ಎದೆಯೊಳಗಿನ ಕವಾಟದ ಸದ್ದು. ಹಾಸನದ ಕಡೆಯ ಹಳ್ಳಿಯಲ್ಲಿ ಕಳೆದ ಬಾಲ್ಯದಲ್ಲಿ ಬಂದ ಕೀಲುನೋವಿನ ಜ್ವರವೊಂದು ಅವರ ಹೃದಯದ ಕವಾಟವನ್ನು ಕೆಡಿಸಿತ್ತೆಂಬುದು ನಮಗೆ ತಿಳಿದದ್ದು ಅಮೆರಿಕಕ್ಕೆ ಬಂದು ಹದಿನೈದು ವರ್ಷಗಳಾದ ಮೇಲೆ. 2011ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ಇಂಗಾಲದ ಎರಡು ಎಸಳುಗಳುಳ್ಳ ಕೃತಕ ಕವಾಟ ಆ ಜಾಗದಲ್ಲಿ ಬಂದು ಕುಳಿತಿತು. ಅಂದಿನಿಂದ ಆ ಸದ್ದು ನಮ್ಮ ಮನೆಯ ಸದಸ್ಯನಂತಾಗಿದೆ. ಕೇಳದಿದ್ದರೆ ನನಗೆ ಎಚ್ಚರವಾಗುತ್ತದೆ.

ಕವಾಟದ ಜೊತೆಗೆ ಒಂದು ಮಾತ್ರೆಯೂ ಬಂದಿತು. ಅದರ ಹೆಸರು ವಾರ್ಫರಿನ್. ರಕ್ತವು ಕವಾಟದ ಮೇಲೆ ಹೆಪ್ಪುಗಟ್ಟದಂತೆ ತಡೆಯುವ ಈ ಔಷಧಿ 1948ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಔಷಧಿಯಾದದ್ದು 1954ರಲ್ಲಿ. ಸೊಪ್ಪಿನಲ್ಲಿರುವ ಕೆ ಜೀವಸತ್ವಕ್ಕೂ ಈ ಮಾತ್ರೆಗೂ ಹಗೆತನ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಒಂದು ಮುದ್ರಿತ ಹಾಳೆಯನ್ನು ಕೊಟ್ಟು 'ಸೊಪ್ಪು ಕಡಿಮೆ ಮಾಡಿ' ಎಂದರೇ ಹೊರತು, ಕಡಿಮೆ ಮಾಡುವುದಕ್ಕಿಂತ ದಿನವೂ ಒಂದೇ ಪ್ರಮಾಣದಲ್ಲಿ ತಿನ್ನುವುದು ಮುಖ್ಯವೆಂದು ಯಾರೂ ವಿವರಿಸಲಿಲ್ಲ. 2014ರಲ್ಲಿ ತಾಯಿಯ ಕಾಯಿಲೆಯ ನಿಮಿತ್ತ ನಾನು ಆರು ವಾರ ಮೈಸೂರಿನಲ್ಲಿದ್ದೆ. ಇವರು ಇಲ್ಲಿ ಮೊಸರನ್ನ, ಉಪ್ಪಿನಕಾಯಿಗಳಲ್ಲೇ ದಿನ ದೂಡಿದರು. ಹಸುರೆಂಬುದು ಹೊಟ್ಟೆಗೆ ಬೀಳದೆ ಮಾತ್ರೆಯ ಬಲ ಏರಿ, ಒಂದು ಬೆಳಗ್ಗೆ ಮೂಗಿನಿಂದ ಆರಂಭವಾದ ರಕ್ತ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ನೆರೆಮನೆಯವರು ತುರ್ತು ಚಿಕಿತ್ಸೆಗೆ ಕರೆದೊಯ್ದರು. ಸಾವಿರಾರು ಮೈಲಿ ದೂರದಲ್ಲಿ ಫೋನು ಹಿಡಿದು ಕುಳಿತ ನನ್ನ ಮನಸ್ಸಿನಲ್ಲಿ ಆ ದಿನ ಹುಟ್ಟಿದ ಪ್ರಶ್ನೆ ಸರಳವಾದುದು: ನುಣುಪಾದ, ಶುಭ್ರವಾದ ಒಂದು ವಸ್ತುವನ್ನು ಮುಟ್ಟಿದ ಮಾತ್ರಕ್ಕೆ ರಕ್ತವೇಕೆ ಹೆಪ್ಪುಗಟ್ಟಬೇಕು?

ಸ್ಮರಣ ಸಂಚಿಕೆಗೆ ಚರಿತ್ರೆಯನ್ನು ಕುರಿತು ಏನಾದರೂ ಬರೆಯಿರೆಂದು ಸಮಿತಿಯವರು ಕೇಳಿದಾಗ, ಈ ಸಲ ಹೊಯ್ಸಳರನ್ನೂ ಕೆಳದಿಯ ಅರಸರನ್ನೂ ಬದಿಗಿರಿಸಿ ಈ ಪ್ರಶ್ನೆಯ ಚರಿತ್ರೆಯನ್ನೇ ಬರೆಯೋಣವೆನಿಸಿತು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ ಮತ್ತು ಕನ್ನಡವನ್ನು ಓದಿದ ಬಿ.ಎ. ಪದವೀಧರೆ. ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಸಂಶೋಧನೆ ಮಾಡುತ್ತಿರುವ ಮಗಳೇ ಈ ವಿಷಯದಲ್ಲಿ ನನ್ನ ಗುರು. ತಪ್ಪುಗಳೇನಾದರೂ ಉಳಿದಿದ್ದರೆ ಅವು ಶಿಷ್ಯೆಯವು.

ಪಾಠ ಆರಂಭವಾದದ್ದು ಹಾಲಿನ ಪಾತ್ರೆಯಿಂದ. ಹಾಲು ಕಾಯಿಸುವಾಗ ತಳ ಹಿಡಿಯುವುದು ನಮಗೆಲ್ಲ ನಿತ್ಯದ ಅನುಭವ. ಪಾತ್ರೆಗೆ ಮೊದಲು ಸ್ವಲ್ಪ ತಣ್ಣೀರು ಸುತ್ತಾಡಿಸಿ ಅನಂತರ ಹಾಲು ಹೊಯ್ಯಬೇಕೆಂದು ನಮ್ಮಜ್ಜಿ ಕಲಿಸಿದ್ದರು. ಹಾಗೆ ತಳ ಹಿಡಿಯುವುದು ಏನೆಂದು ನಾನೆಂದೂ ಕೇಳಿರಲಿಲ್ಲ. ಹಾಲಿನಲ್ಲಿರುವ ಪ್ರೋಟೀನುಗಳಲ್ಲಿ ಒಂದು, ಸುಮಾರು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ತನ್ನ ಮಡಿಕೆಯನ್ನು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದು ಬಿಸಿಯಾದ ಉಕ್ಕಿನ ಮೇಲೆ ಅಂಟಿ ಕೂರುತ್ತದೆ. ಅದರ ಮೇಲೆ ಮತ್ತಷ್ಟು ಬಂದು ಕೂರುತ್ತವೆ. ಪ್ರೋಟೀನೆಂದರೆ ಉದ್ದನೆಯ ಸರ. ಆ ಸರ ತನ್ನನ್ನು ತಾನೇ ಸುತ್ತಿಕೊಂಡು ಉಂಡೆಯಾಗಿರುತ್ತದೆ. ನೀರನ್ನು ಒಲ್ಲದ, ಎಣ್ಣೆಯ ಸ್ವಭಾವದ ಭಾಗಗಳು ಉಂಡೆಯ ಒಳಗಡೆ ಅಡಗಿರುತ್ತವೆ. ನೀರನ್ನು ಮೆಚ್ಚುವ, ವಿದ್ಯುದಂಶವುಳ್ಳ ಭಾಗಗಳು ಹೊರಗೆ. ಇಂತಹ ಉಂಡೆಗೆ ಗಾಜೋ ಲೋಹವೋ ಪ್ಲಾಸ್ಟಿಕ್ಕೋ ಎದುರಾದಾಗ ಅದು ಅಂಟಿಕೊಳ್ಳಬಹುದು, ಅಂಟಿಕೊಂಡು ಚಪ್ಪಟೆಯಾಗಬಹುದು, ಒಳಗಿನದನ್ನು ಹೊರಗೆ ಮಾಡಬಹುದು. ಇದನ್ನು ಅಧಿಶೋಷಣೆ ಎನ್ನುತ್ತಾರೆ. ಬಟ್ಟೆ ನೀರನ್ನು ಒಳಕ್ಕೆ ಹೀರುವಂತಲ್ಲ, ಮೇಲ್ಮೈಯಲ್ಲೇ ಹಿಡಿದಿಟ್ಟುಕೊಳ್ಳುವುದು. ಕಣ್ಣಿಗೆ ಹಾಕುವ ಲೆನ್ಸು ಮಸುಕಾಗುವುದೂ, ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಲು ಪೀಠಿಕೆಯಾಗುವುದೂ ಇದೇ.

ಮೇಲ್ಮೈಗಳ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆತ್ಮೀಯರಾದವರು ಒಬ್ಬ ಗೃಹಿಣಿ. ಗೃಹಿಣಿ ಎಂದರೆ ಮದುವೆಯಾದವರಲ್ಲ, ಮನೆಯನ್ನೇ ನಡೆಸಿದವರು. ಆಗ್ನೆಸ್ ಪೋಕೆಲ್ಸ್ 1862ರಲ್ಲಿ ವೆನಿಸ್ ನಗರದಲ್ಲಿ ಹುಟ್ಟಿದರು. ತಂದೆ ಆಸ್ಟ್ರಿಯಾದ ಸೇನೆಯಲ್ಲಿದ್ದವರು. ಮಲೇರಿಯಾದಿಂದ ಆರೋಗ್ಯ ಕೆಟ್ಟು 1871ರಲ್ಲಿ ಸಂಸಾರದೊಡನೆ ಜರ್ಮನಿಯ ಬ್ರೌನ್‌ಶ್ವೈಗ್‌ಗೆ ಬಂದು ನೆಲೆಸಿದರು. ಆಗ್ನೆಸ್‌ಗೆ ಭೌತವಿಜ್ಞಾನದಲ್ಲಿ ಅಪಾರ ಆಸಕ್ತಿ. ಆದರೆ ಆ ಕಾಲದಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ರೋಗಿಗಳಾದ ತಂದೆತಾಯಿಯರ ಆರೈಕೆ ಅವರ ಪಾಲಿಗೆ ಬಂದಿತ್ತು. ತಮ್ಮ ಫ್ರೀಡ್ರಿಷ್ ಓದಿ ಭೌತವಿಜ್ಞಾನಿಯಾದ. ಅಕ್ಕ ಅವನು ತಂದುಕೊಡುತ್ತಿದ್ದ ಪುಸ್ತಕಗಳನ್ನು ಓದುತ್ತ ಪಾತ್ರೆ ತೊಳೆದರು.

ಆ ಪಾತ್ರೆ ತೊಳೆಯುವ ನೀರಿನಲ್ಲೇ ಅವರ ಕಣ್ಣು ನೆಟ್ಟಿತು. ಜಿಡ್ಡು ಬಿದ್ದೊಡನೆ ನೀರಿನ ಮೇಲ್ಮೈ ಸ್ವಭಾವವೇ ಬದಲಾಗುವುದನ್ನು ಅವರು ಗಮನಿಸಿದರು. 1880ರ ಸುಮಾರಿಗೆ, ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ, ತಗಡಿನ ತಟ್ಟೆಯೊಂದಕ್ಕೆ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನಿಟ್ಟು, ಅದನ್ನು ಸರಿಸಿ ಮೇಲ್ಮೈಯ ವಿಸ್ತಾರವನ್ನು ಹಿಗ್ಗಿಸುವ ಕುಗ್ಗಿಸುವ ಉಪಾಯ ಕಂಡುಹಿಡಿದರು. ನೀರಿನ ಮೇಲೆ ಚಿಕ್ಕ ಗುಂಡಿಯನ್ನಿರಿಸಿ, ಅದನ್ನು ಮೇಲೆತ್ತಲು ಎಷ್ಟು ಭಾರ ಬೇಕೆಂದು ತಕ್ಕಡಿಯಿಂದ ಅಳೆದರು. ಜಿಡ್ಡಿನ ಪದರ ಒಂದು ಮಿತಿಗಿಂತ ಇಕ್ಕಟ್ಟಾದಾಗ ಮೇಲ್ಮೈಯ ಎಳೆತ ಥಟ್ಟನೆ ಇಳಿಯುವುದನ್ನು ಕಂಡರು. ಹತ್ತು ವರ್ಷ ಹೀಗೆಯೇ ನಡೆಯಿತು. ಕೇಳುವವರಿರಲಿಲ್ಲ. ಇಂಗ್ಲೆಂಡಿನ ಲಾರ್ಡ್ ರ್ಯಾಲೆ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವರೆಂದು ತಿಳಿದಾಗ, 1891ರ ಜನವರಿಯಲ್ಲಿ ಅವರಿಗೊಂದು ಕಾಗದ ಬರೆದರು. ರ್ಯಾಲೆಯವರ ಪತ್ನಿ ಅದನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ತಂದರು. ರ್ಯಾಲೆ ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿ, ಮನೆಯ ಸಾಮಾನುಗಳಿಂದಲೇ ಈ ಮಹಿಳೆ ಬೆಲೆಯುಳ್ಳ ಫಲಿತಾಂಶಗಳನ್ನು ಪಡೆದಿರುವರೆಂದು ಶಿಫಾರಸು ಮಾಡಿದರು. ಮಾರ್ಚ್ 12ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಆ ಮಹನೀಯರು ಕಾಗದವನ್ನು ಬುಟ್ಟಿಗೆ ಹಾಕಿದ್ದರೆ ಕೇಳುವವರು ಯಾರಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪೋಕೆಲ್ಸರ ತಟ್ಟೆಯನ್ನೇ ಸುಧಾರಿಸಿಕೊಂಡು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1917ರಲ್ಲಿ ಒಂದೇ ಅಣುವಿನಷ್ಟು ದಪ್ಪದ ಪದರಗಳನ್ನು ಅಳೆದರು. 1932ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ 1932ರಲ್ಲಿ ಎಪ್ಪತ್ತು ವರ್ಷದ ಆಗ್ನೆಸ್‌ಗೆ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಸಂಸ್ಥೆ ಗೌರವ ಡಾಕ್ಟರೇಟ್ ನೀಡಿತು. ಮೂರು ವರ್ಷಗಳ ಅನಂತರ ಅವರು ತೀರಿಕೊಂಡರು. ಲ್ಯಾಂಗ್ಮ್ಯೂರ್ ಜೊತೆಯಲ್ಲಿ ದುಡಿದ ಕ್ಯಾಥರೀನ್ ಬ್ಲಾಜೆಟ್, 1926ರಲ್ಲಿ ಕೇಂಬ್ರಿಜ್‌ನಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ, ಆ ತೆಳು ಪದರಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಜೋಡಿಸುವುದನ್ನು ಸಾಧಿಸಿದರು. ಅದೇ ಪ್ರಯೋಗಶಾಲೆಯಲ್ಲಿ 1930ರ ದಶಕದ ಕೊನೆಗೆ ಪ್ರೋಟೀನುಗಳ ಪದರಗಳನ್ನೂ ಅಳೆಯತೊಡಗಿದರು.

ಇನ್ನೊಂದು ಎಳೆ ಪ್ರಾಗ್ ನಗರದ್ದು. ಇದು ಮೊಟ್ಟೆಯ ಕಥೆ. ಅಲ್ಲಿಯ ಜರ್ಮನ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾನ್ಜ್ ಹಾಫ್‌ಮೈಸ್ಟರ್ 1888ರಲ್ಲಿ ಕೋಳಿಮೊಟ್ಟೆಯ ಬಿಳಿಯ ಭಾಗದ ಪ್ರೋಟೀನಿಗೆ ಬಗೆಬಗೆಯ ಲವಣಗಳನ್ನು ಬೆರೆಸಿ, ಯಾವ ಲವಣ ಎಷ್ಟು ಬೆರೆತರೆ ಪ್ರೋಟೀನು ಒಡೆದು ತಳಕ್ಕೆ ಕೂರುವುದೆಂದು ಪಟ್ಟಿ ಮಾಡಿದರು. ಸಲ್ಫೇಟು, ಫಾಸ್ಫೇಟುಗಳು ಅಲ್ಪ ಪ್ರಮಾಣದಲ್ಲೇ ಈ ಕೆಲಸ ಮಾಡಿದರೆ, ಕ್ಲೋರೈಡು, ನೈಟ್ರೇಟುಗಳು ಹಿಂದುಳಿದವು. ಎಲ್ಲ ಉಪ್ಪೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಉಪ್ಪೆಂದರೆ ಧನ ಅಯಾನು, ಋಣ ಅಯಾನುಗಳ ಜೋಡಿ. ಜೋಡಿಯಲ್ಲಿ ಯಾರು ಯಾರಿದ್ದಾರೆಂಬುದರ ಮೇಲೆ ಪ್ರೋಟೀನಿನ ನಡತೆ ನಿಂತಿದೆ. ಹಾಫ್‌ಮೈಸ್ಟರ್ ಶ್ರೇಣಿ ಎಂದು ಪ್ರಸಿದ್ಧವಾದ ಈ ಪಟ್ಟಿಯನ್ನು ಹೀಗೇಕೆಂದು ಪೂರ್ಣವಾಗಿ ವಿವರಿಸಲು ವಿದ್ವಾಂಸರು ಇಂದಿಗೂ ವಾದ ಮಾಡುತ್ತಿದ್ದಾರೆ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಟ್ಟ ಪುಣ್ಯಾತ್ಮರ ಬಳಿಗೆ ಬರುತ್ತೇನೆ. ಅವರ ಹೆಸರು ಲಿಯೋ ವ್ರೋಮನ್. 1915ರಲ್ಲಿ ಹಾಲೆಂಡಿನ ಗೌಡಾ ಊರಿನಲ್ಲಿ ಹುಟ್ಟಿದ ಯಹೂದಿ. ಊರಿನ ಹೆಸರು ನಮ್ಮ ಕಿವಿಗೆ ಎಷ್ಟು ಪರಿಚಿತವಾಗಿ ಕೇಳಿದರೂ ಅದು ಪ್ರಸಿದ್ಧವಾದದ್ದು ಅಲ್ಲಿಯ ಚೀಸ್‌ನಿಂದ! 1940ರ ಮೇ 14ರಂದು, ಜರ್ಮನ್ ಸೇನೆ ಹಾಲೆಂಡನ್ನು ಆಕ್ರಮಿಸುತ್ತಿದ್ದಾಗ, ಮದುವೆಯಾಗಬೇಕಿದ್ದ ಟೀನೆಕೆ ಎಂಬಾಕೆಯನ್ನು ಬಿಟ್ಟು ದೋಣಿಯೊಂದರಲ್ಲಿ ಇಂಗ್ಲೆಂಡಿಗೆ ಪಾರಾದರು. ಅಲ್ಲಿಂದ ದಕ್ಷಿಣ ಆಫ್ರಿಕಾದ ಮಾರ್ಗವಾಗಿ ಡಚ್ಚರ ವಸಾಹತಾಗಿದ್ದ ಜಾವಾ ದ್ವೀಪಕ್ಕೆ ಹೋಗಿ ಓದು ಮುಂದುವರಿಸಿದರು. 1942ರಲ್ಲಿ ಜಪಾನೀಯರು ಅಲ್ಲಿಗೂ ಬಂದರು. ಯುದ್ಧ ಮುಗಿಯುವವರೆಗೂ ವ್ರೋಮನ್ ಜಾವಾ ಮತ್ತು ಜಪಾನಿನ ಸೆರೆಶಿಬಿರಗಳಲ್ಲಿ ಕಾಲ ಕಳೆದರು. ಬಿಡುಗಡೆಯಾದ ಮೇಲೆ ಬಂದದ್ದು ನ್ಯೂ ಜರ್ಸಿಯ ನ್ಯೂ ಬ್ರನ್ಸ್‌ವಿಕ್ ಊರಿಗೆ. ಅದು ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ತರಕಾರಿಗೆಂದು ನಾನು ಎಷ್ಟೋ ಬಾರಿ ಹೋಗಿಬಂದ ಊರು. 1947ರಲ್ಲಿ ಟೀನೆಕೆ ಹಡಗೇರಿ ಬಂದರು. ಏಳು ವರ್ಷಗಳ ಅಗಲಿಕೆಯ ಅನಂತರ ನ್ಯೂಯಾರ್ಕಿನಲ್ಲಿ ಅವರ ವಿವಾಹವಾಯಿತು.

ಹಗಲು ಅವರು ರಕ್ತದ ಸಂಶೋಧಕ. ಮುಂದೆ ಬ್ರೂಕ್ಲಿನ್‌ನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ದೀರ್ಘಕಾಲ ಕೆಲಸ ಮಾಡಿದರು. ಉಳಿದ ಹೊತ್ತಿನಲ್ಲಿ ಅವರು ಡಚ್ ಭಾಷೆಯ ಕವಿ. ಅದೂ ಸಾಮಾನ್ಯ ಕವಿಯಲ್ಲ. 1964ರಲ್ಲಿ ಆ ಭಾಷೆಯ ಅತ್ಯುನ್ನತ ಸಾಹಿತ್ಯ ಪುರಸ್ಕಾರಗಳಲ್ಲೊಂದಾದ ಪಿ. ಸಿ. ಹೋಫ್ಟ್ ಪ್ರಶಸ್ತಿಯನ್ನು ಪಡೆದವರು. ಅಮೆರಿಕದ ಪೌರತ್ವ ಪಡೆದು, ಆರು ದಶಕಗಳಿಗೂ ಮಿಕ್ಕಿ ಇಲ್ಲಿ ಬದುಕಿ, ತಮ್ಮ ಸುತ್ತ ಯಾರೂ ಆಡದ ಭಾಷೆಯಲ್ಲಿ ಬರೆಯುತ್ತಲೇ ಇದ್ದು, 2014ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ನಿಧನರಾದರು. ಷಿಕಾಗೋದಲ್ಲಿ ಕುಳಿತು ಕನ್ನಡ ಕವಿತೆ ಬರೆದ ನಮ್ಮ ಎ. ಕೆ. ರಾಮಾನುಜನ್ ಅವರನ್ನು ಬಲ್ಲ ಈ ಸಮ್ಮೇಳನದ ಪ್ರತಿನಿಧಿಗಳಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ವ್ರೋಮನ್ ಕಂಡುಹಿಡಿದದ್ದೇನು? 1962ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರದೊಂದು ಚಿಕ್ಕ ಲೇಖನ ಬಂತು. ರಕ್ತದ ದ್ರವಭಾಗವಾದ ಪ್ಲಾಸ್ಮಾ ತಾಗಿದ ಮೇಲೆ, ನೀರನ್ನು ಮೆಚ್ಚುವ ಮೇಲ್ಮೈ ಮತ್ತು ನೀರನ್ನು ಒಲ್ಲದ ಮೇಲ್ಮೈಗಳ ಸ್ವಭಾವ ಹೇಗೆ ಬದಲಾಗುತ್ತದೆಂಬುದು ಅದರ ವಿಷಯ. ಅನಂತರದ ವರ್ಷಗಳಲ್ಲಿ, ಬೆಳಕಿನ ಪ್ರತಿಫಲನದಿಂದ ಅತಿ ತೆಳು ಪದರಗಳ ದಪ್ಪವನ್ನು ಅಳೆಯುವ ಎಲಿಪ್ಸೋಮೀಟರ್ ಎಂಬ ಉಪಕರಣವನ್ನು ಬಳಸಿ, ಪ್ರೋಟೀನುಗಳು ಮೇಲ್ಮೈಯ ಮೇಲೆ ಒಂದೇ ಸಲಕ್ಕೆ ಕುಳಿತುಬಿಡುವುದಿಲ್ಲ, ಒಂದು ಬಂದು ಇನ್ನೊಂದನ್ನು ಎಬ್ಬಿಸುತ್ತದೆಂದು ತೋರಿಸಿದರು. ನಮ್ಮ ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆಯಿರಿ. ಎಲೆ ಹಾಕಿದೊಡನೆ ಹುಡುಗರು ಓಡಿ ಬಂದು ಕೂರುತ್ತಾರೆ. ಬೀಗರು ಬಂದಾಗ ಎದ್ದು ಜಾಗ ಬಿಡುತ್ತಾರೆ. ಒಮ್ಮೆ ಕುಳಿತ ಬೀಗರನ್ನು ಎಬ್ಬಿಸುವವರಿಲ್ಲ. ರಕ್ತದಲ್ಲಿ ಹೇರಳವಾಗಿಯೂ ಚಿಕ್ಕದಾಗಿಯೂ ಇರುವ ಆಲ್ಬುಮಿನ್ ಮೊದಲು ಬರುತ್ತದೆ. ಆಮೇಲೆ ಪ್ರತಿಕಾಯಗಳು. ಅನಂತರ ಫೈಬ್ರಿನೋಜೆನ್, ಎಂದರೆ ಹೆಪ್ಪಿನ ಬಲೆ ನೇಯುವ ನೂಲು. ಕೊನೆಗೆ ಪ್ರಮಾಣದಲ್ಲಿ ಅತ್ಯಲ್ಪವಾಗಿದ್ದರೂ ಹಿಡಿತದಲ್ಲಿ ಬಲವಾದ ಇನ್ನೊಂದು ದೊಡ್ಡ ಪ್ರೋಟೀನು ಬಂದು ಫೈಬ್ರಿನೋಜೆನನ್ನೂ ಎಬ್ಬಿಸುತ್ತದೆ. ಇದೆಲ್ಲ ಕೆಲವು ಕ್ಷಣ, ನಿಮಿಷಗಳ ಆಟ. ಕಿರಿದಾದ ಎಡೆಯಲ್ಲಿ ಏನಾಗುವುದೆಂದು ತಿಳಿಯಲು ಉಬ್ಬು ಮಸೂರವೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ನಡುವಿನ ಸಂದಿಗೆ ಪ್ಲಾಸ್ಮಾ ತುಂಬುತ್ತಿದ್ದರು. ಇಕ್ಕಟ್ಟಾದ ಕಡೆ ಎಬ್ಬಿಸುವ ಪ್ರೋಟೀನು ಸಾಲದೆ ಫೈಬ್ರಿನೋಜೆನ್ ಹಾಗೆಯೇ ಉಳಿಯುತ್ತಿತ್ತು. ಫೈಬ್ರಿನೋಜೆನ್ ಉಳಿದಲ್ಲಿ ರಕ್ತದ ಕಿರುಬಿಲ್ಲೆಗಳು ಬಂದು ಅಂಟುತ್ತವೆ. ಈ ವಿದ್ಯಮಾನಕ್ಕೆ ವಿಜ್ಞಾನಿಗಳು ವ್ರೋಮನ್ ಪರಿಣಾಮವೆಂದೇ ಹೆಸರಿಟ್ಟಿದ್ದಾರೆ.

ಎಂದರೆ, ರಕ್ತವು ಕವಾಟವನ್ನು ನೇರವಾಗಿ ಎಂದೂ ಮುಟ್ಟುವುದಿಲ್ಲ. ಅದು ಮುಟ್ಟುವುದು ಕವಾಟದ ಮೇಲೆ ಮೊದಲು ಬಂದು ಕುಳಿತ ಪ್ರೋಟೀನುಗಳನ್ನು. ಅಲ್ಲಿ ಯಾರು ಕುಳಿತಿದ್ದಾರೆ, ಹೇಗೆ ಕುಳಿತಿದ್ದಾರೆ ಎಂಬುದೇ ಮುಂದಿನದನ್ನು ನಿರ್ಧರಿಸುತ್ತದೆ. ಇದನ್ನು ಮಗಳು ವಿವರಿಸಿದ ರಾತ್ರಿ ನಾನು ಆ ಟಿಕ್ ಟಿಕ್ ಸದ್ದನ್ನು ಬೇರೆಯೇ ಕಿವಿಯಿಂದ ಕೇಳಿದೆ.

ಕವಾಟ ಕಟ್ಟುವವರೂ ಈ ಮೇಲ್ಮೈಯೊಡನೆಯೇ ಹೆಣಗಿದ್ದಾರೆ. ಇವರ ಕವಾಟದಲ್ಲಿರುವ ಇಂಗಾಲ ಮೂಲತಃ ಅಣುಸ್ಥಾವರದ ಇಂಧನದ ಕಣಗಳಿಗೆ ಹೊದಿಕೆಯಾಗಿ ಬೆಳೆದದ್ದು. 1960ರ ದಶಕದಲ್ಲಿ ಅದು ರಕ್ತಕ್ಕೂ ಒಗ್ಗುವುದೆಂದು ಕಂಡುಬಂತು. ಭಾರತದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು, ಮೂರು ಮಾದರಿಗಳು ವಿಫಲವಾದರೂ ಬಿಡದೆ, ನಾಲ್ಕನೆಯದರಲ್ಲಿ ಗೆದ್ದು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಸ್ವದೇಶಿ ಕವಾಟವನ್ನು ಅಳವಡಿಸಿದರು. ಅದರ ತಟ್ಟೆ ಒಂದು ಬಗೆಯ ಗಟ್ಟಿ ಪಾಲಿಥೀನ್. ಇಂದು ಲಕ್ಷಕ್ಕೂ ಮೀರಿದ ಜನರ ಎದೆಯಲ್ಲಿ ಆ ಕವಾಟ ಬಡಿದಿದೆ. ಡಾ. ವಲಿಯತ್ತಾನ್ 1993ರಲ್ಲಿ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ, 2024ರಲ್ಲಿ ಮಣಿಪಾಲದಲ್ಲೇ ಕೊನೆಯುಸಿರೆಳೆದರು.

ಇಷ್ಟರವರೆಗೆ ಹೇಳಿದ್ದು ಪ್ರೋಟೀನು ಮತ್ತು ಮೇಲ್ಮೈಗಳ ಮಾತು. ಶೀರ್ಷಿಕೆಯ ಉಪ್ಪೆಲ್ಲಿ ಎಂದು ಓದುಗರು ಕೇಳುವ ಮೊದಲೇ ಅತ್ತ ತಿರುಗುತ್ತೇನೆ.

ನಮ್ಮ ಅಡಿಗೆ ಉಪ್ಪನ್ನು ನೀರಿಲ್ಲದೆ ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕು. ಸೋಡಿಯಂ, ಕ್ಲೋರೈಡುಗಳೆರಡೂ ಪುಟ್ಟ ಗುಂಡುಗಳಂತಿದ್ದು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಜೋಡಿಯಲ್ಲಿ ಒಂದು ಅಯಾನು ದೊಡ್ಡದಾಗಿ, ಸೊಟ್ಟಂಬಟ್ಟವಾಗಿದ್ದರೆ ಸಾಲು ಸರಿಯಾಗಿ ಕೂಡುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ಆಗ ಉಪ್ಪು ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರಬಲ್ಲದು. ನೂರು ಡಿಗ್ರಿಯೊಳಗೆ ಕರಗುವ ಇಂತಹ ಲವಣಗಳಿಗೆ ಅಯಾನಿಕ ದ್ರವಗಳೆಂದು ಹೆಸರು. ಇವು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಇವುಗಳಲ್ಲಿ ಹಲವಕ್ಕೆ ಬೆಂಕಿಯೂ ಬೇಗ ಹತ್ತುವುದಿಲ್ಲ.

ಇವುಗಳ ಮೊದಲ ದರ್ಶನಗಳಲ್ಲೊಂದು ಆದದ್ದು ಕಲ್ಕತ್ತೆಯಲ್ಲಿ. ಪ್ರೆಸಿಡೆನ್ಸಿ ಕಾಲೇಜಿನ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಮತ್ತು ಅವರ ಸಹಕಾರಿ ಜಿತೇಂದ್ರನಾಥ ರಕ್ಷಿತ್ 1911ರಲ್ಲಿ ಈಥೈಲ್ ಅಮೋನಿಯಂ ನೈಟ್ರೈಟ್ ಎಂಬ ಲವಣವನ್ನು ತಯಾರಿಸಿದರು. ಬಂದದ್ದು ಹಳದಿ ಬಣ್ಣದ ಭಾರವಾದ ದ್ರವ. ಹೆಪ್ಪುಗಟ್ಟೀತೆಂದು ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿ ಅದ್ದಿದರು. ನಮ್ಮ ಬಾಲ್ಯದಲ್ಲಿ ಹಿಡಿ ತಿರುಗಿಸಿ ಮನೆಯಲ್ಲಿ ಐಸ್‌ಕ್ರೀಮ್ ಮಾಡುತ್ತಿದ್ದುದು ಅದೇ ಮಿಶ್ರಣದಲ್ಲಲ್ಲವೇ? ಆದರೂ ಅದು ಗಟ್ಟಿಯಾಗಲಿಲ್ಲ. ಬಲು ಬೇಗ ಕೆಡುವ ಆ ದ್ರವದ ಮಹತ್ವವನ್ನು ಯಾರೂ ಅಂದು ಅರಿಯಲಿಲ್ಲ. ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದ ರಾಯ್ ಅವರ ಈ ಸಾಧನೆ ಎಷ್ಟೋ ಕಾಲ ಚರಿತ್ರೆಯಿಂದಲೇ ತಪ್ಪಿಸಿಕೊಂಡದ್ದು ವಿಚಿತ್ರ.

ಸಾಮಾನ್ಯವಾಗಿ ಈ ಚರಿತ್ರೆಯನ್ನು ಆರಂಭಿಸುವುದು ಪೌಲ್ ವಾಲ್ಡೆನ್‌ರಿಂದ. ಇಂದಿನ ಲ್ಯಾಟ್ವಿಯಾದಲ್ಲಿ 1863ರಲ್ಲಿ ಹುಟ್ಟಿದವರು. ರೀಗಾ ನಗರದ ಪಾಲಿಟೆಕ್ನಿಕ್‌ನಲ್ಲಿ ಓದಿ ಅಲ್ಲಿಯೇ ಪ್ರಾಧ್ಯಾಪಕರಾದವರು. ಕಾದು ಕರಗಿದ ಲವಣಗಳ ವಿದ್ಯುದ್ವಾಹಕತೆಯನ್ನು ಅಳೆಯಬೇಕೆಂಬುದು ಅವರ ಆಸೆ. ಆದರೆ ಕುಲುಮೆಯ ಶಾಖದಲ್ಲಿ ಗಾಜಿನ ಉಪಕರಣ ಬಾಳುವುದಿಲ್ಲ. ಆದುದರಿಂದ ತಣ್ಣಗೆ ಕರಗಿರುವ ಲವಣಗಳನ್ನೇ ಹುಡುಕಿದರು. ಅವುಗಳಲ್ಲೊಂದಾದ ಈಥೈಲ್ ಅಮೋನಿಯಂ ನೈಟ್ರೇಟ್ ಸುಮಾರು 12 ಡಿಗ್ರಿಯಲ್ಲಿ ಕರಗುತ್ತದೆ. ಮೈಸೂರಿನ ಚಳಿಗಾಲದಲ್ಲಿ ಬಾಟಲಿಯಲ್ಲಿಟ್ಟರೂ ನೀರಾಗಿಯೇ ಇರುತ್ತದೆ. 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಯ ಪತ್ರಿಕೆಯಲ್ಲಿ ಜರ್ಮನ್ ಭಾಷೆಯಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಕ್ರಾಂತಿಯ ಅನಂತರ 1919ರಲ್ಲಿ ವಾಲ್ಡೆನ್ ಊರು ತೊರೆದು ಜರ್ಮನಿಯ ರೋಸ್ಟಾಕ್‌ನಲ್ಲಿ ನೆಲೆಸಿದರು. 1942ರ ಬಾಂಬು ದಾಳಿಯಲ್ಲಿ ಅಲ್ಲಿಯ ಮನೆಯೂ, ಜೀವಮಾನವಿಡೀ ಕೂಡಿಟ್ಟ ಪುಸ್ತಕಗಳೂ ಸುಟ್ಟುಹೋದವು. ಎಂಬತ್ತರ ಸಮೀಪದಲ್ಲಿ ಮತ್ತೆ ಊರೂರು ಅಲೆದು, ರಸಾಯನಶಾಸ್ತ್ರದ ಚರಿತ್ರೆಯನ್ನು ಬೋಧಿಸುತ್ತ, 1957ರಲ್ಲಿ ತೀರಿಕೊಂಡರು. ತಮ್ಮ ಆ ಲವಣಕ್ಕೆ ಮುಂದೆ ಒದಗಿದ ಕೀರ್ತಿಯನ್ನು ಅವರು ಕಾಣಲಿಲ್ಲ.

ಮುಂದಿನ ಅಧ್ಯಾಯ ಕೊಲೊರಾಡೊದ್ದು. ಇಲ್ಲಿಯ ವಾಯುಸೇನಾ ಅಕಾಡೆಮಿಯಲ್ಲಿ 1963ರಿಂದ, ಕ್ಷಿಪಣಿಗಳಲ್ಲಿ ಬಳಸುವ ಬ್ಯಾಟರಿಗಳಿಗೆ ಕಡಿಮೆ ಶಾಖದಲ್ಲಿ ಕರಗುವ ಲವಣಗಳನ್ನು ಹುಡುಕತೊಡಗಿದರು. ಆವರೆಗೆ ಬಳಸುತ್ತಿದ್ದ ಮಿಶ್ರಣಕ್ಕೆ 355 ಡಿಗ್ರಿ ಬೇಕಾಗುತ್ತಿತ್ತು. ಅಲ್ಲಿಯ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು 1982ರಲ್ಲಿ ಇಮಿಡಜೋಲಿಯಂ ಎಂಬ ಉಂಗುರದಾಕಾರದ ಅಯಾನುಗಳ ದ್ರವಗಳನ್ನು ತಂದರು. ನೀರು ಸೋಂಕಿದರೆ ಅವು ಕೆಡುತ್ತಿದ್ದವು. 1992ರಲ್ಲಿ ವಿಲ್ಕ್ಸ್ ಮತ್ತು ಜವರೊಟ್ಕೊ ನೀರಿಗೂ ಗಾಳಿಗೂ ಕೆಡದ ಬಗೆಯನ್ನು ಪ್ರಕಟಿಸಿದ ಮೇಲೆ ಎಲ್ಲೆಡೆ ಆಸಕ್ತಿ ಹಬ್ಬಿತು. ಬೆಲ್‌ಫಾಸ್ಟ್‌ನಲ್ಲಿ ಕೆನೆತ್ ಸೆಡನ್ 1999ರಲ್ಲಿ ಇದಕ್ಕೆಂದೇ ಸಂಶೋಧನ ಕೇಂದ್ರವನ್ನು ಕಟ್ಟಿದರು. ಬೇಕಾದ ಧನ ಅಯಾನಿಗೆ ಬೇಕಾದ ಋಣ ಅಯಾನನ್ನು ಜೋಡಿಸಿ ಲಕ್ಷಗಟ್ಟಲೆ ದ್ರವಗಳನ್ನು ಮಾಡಬಹುದೆಂಬುದೇ ಇದರ ಆಕರ್ಷಣೆ. ಸಾರಿನ ಪುಡಿಯ ಹಾಗೆ, ಕೈಗೆ ಬಂದಂತೆ ಹದ ಮಾಡಿಕೊಳ್ಳಬಹುದು.

ಈ ದ್ರವಗಳು ಪ್ರೋಟೀನನ್ನು ಭೇಟಿಯಾದ ಪ್ರಸಂಗ ನನಗೆ ಬಹಳ ಇಷ್ಟ, ಏಕೆಂದರೆ ಮತ್ತೆ ಮೊಟ್ಟೆ ಬರುತ್ತದೆ. ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಕಿಣ್ವವನ್ನು ರಾಸಾಯನಿಕಗಳಿಂದ ಬಿಚ್ಚಿ ಹಾಕಿದರೆ, ಮರಳಿ ಮಡಿಚಿಕೊಳ್ಳುವ ಬದಲು ಒಂದಕ್ಕೊಂದು ಅಂಟಿ ಮುದ್ದೆಯಾಗುವುದೇ ಹೆಚ್ಚು. ಬೇಯಿಸಿದ ಮೊಟ್ಟೆ ಹಸಿಯಾಗಲಾರದೆಂಬುದು ನಮ್ಮೆಲ್ಲರ ತಿಳಿವಳಿಕೆ. 2000ದಲ್ಲಿ ಸಮ್ಮರ್ಸ್ ಮತ್ತು ಫ್ಲವರ್ಸ್ ಎಂಬಿಬ್ಬರು, ದ್ರಾವಣಕ್ಕೆ ವಾಲ್ಡೆನ್‌ರ ಅದೇ ಈಥೈಲ್ ಅಮೋನಿಯಂ ನೈಟ್ರೇಟನ್ನು ಸ್ವಲ್ಪ ಬೆರೆಸಿದರೆ ಮುದ್ದೆಯಾಗುವುದು ತಪ್ಪಿ, ಬಿಚ್ಚಿದ ಲೈಸೋಜೈಮ್ ಪುನಃ ತನ್ನ ಆಕಾರಕ್ಕೆ ಬಂದು ಕೆಲಸ ಮಾಡುವುದೆಂದು ತೋರಿಸಿದರು. 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ನಮ್ಮ ದೇಹದಲ್ಲೂ ಇರುವ ಕೋಲೀನನ್ನು ಫಾಸ್ಫೇಟಿನೊಡನೆ ಜೋಡಿಸಿ ಮಾಡಿದ ಅಯಾನಿಕ ದ್ರವಕ್ಕೆ ಸ್ವಲ್ಪ ನೀರು ಬೆರೆಸಿ, ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಅದರಲ್ಲಿ ಹೆಚ್ಚಿನ ಶಾಖವನ್ನೂ ತಾಳಿ ಉಳಿಯುವುದೆಂದು ಕಂಡರು.

ಮೂರು ಎಳೆಗಳೂ ಕೂಡುವುದು ಇಲ್ಲಿಯೇ. ಪ್ರೋಟೀನು, ಮೇಲ್ಮೈ, ಅಯಾನಿಕ ದ್ರವ ಮೂರನ್ನೂ ಒಂದೆಡೆ ಇಟ್ಟರೆ ಏನಾಗುತ್ತದೆಂಬುದೇ ನಮ್ಮ ಮಗಳಂತಹವರ ಇಂದಿನ ಕೆಲಸ. ಗಾಜು, ಟೈಟೇನಿಯಂ ಆಕ್ಸೈಡುಗಳಂತಹ ಮೇಲ್ಮೈ ನೀರಿನಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಲೈಸೋಜೈಮ್, ಸೈಟೊಕ್ರೋಮ್ ಸಿಗಳು ಧನಾಂಶದವು, ಆದ್ದರಿಂದ ಸೆಳೆತ. ನಡುವೆ ಅಯಾನಿಕ ದ್ರವವನ್ನು ತೊಟ್ಟಷ್ಟು ಬೆರೆಸಿದರೆ, ಅದರ ಧನ ಅಯಾನುಗಳು ಮೊದಲೇ ಹೋಗಿ ಮೇಲ್ಮೈಯಲ್ಲಿ ಪಂಕ್ತಿ ಹಿಡಿದುಬಿಡುತ್ತವೆ. ಪ್ರೋಟೀನಿಗೆ ಎಲೆ ಖಾಲಿಯಿರುವುದಿಲ್ಲ. ಋಣ ಅಯಾನುಗಳು ಪ್ರೋಟೀನಿನ ಮೈಮೇಲಿನ ಧನಾಂಶಗಳ ಹತ್ತಿರ ಸೇರಿಕೊಂಡು ಅದರ ಸೆಳೆತವನ್ನೇ ತಗ್ಗಿಸಬಹುದು. ಧನ ಅಯಾನಿಗೆ ಉದ್ದನೆಯ ಎಣ್ಣೆಯಂತಹ ಬಾಲವಿದ್ದರೆ ಕಥೆ ತಿರುಗಿ, ಪ್ರೋಟೀನಿನ ಒಳಗಿನ ಎಣ್ಣೆಯ ಭಾಗವನ್ನು ಎಳೆದು ಬಿಚ್ಚಿಹಾಕಲೂಬಹುದು. ಹಾಫ್‌ಮೈಸ್ಟರ್ ಶ್ರೇಣಿ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ನೇರವಾಗಿ, ಮೇಲ್ಮೈ ಮತ್ತು ಪ್ರೋಟೀನಿನ ವಿದ್ಯುದಂಶಕ್ಕೆ ತಕ್ಕಂತೆ ಕೆಲವೊಮ್ಮೆ ತಲೆಕೆಳಗಾಗಿ. 1986ರಲ್ಲಿ ಆವಿಷ್ಕಾರವಾದ ಅಣುಬಲ ಸೂಕ್ಷ್ಮದರ್ಶಕದ ಸೂಜಿಯ ತುದಿಗೆ ಪ್ರೋಟೀನನ್ನು ಅಂಟಿಸಿ, ಮೇಲ್ಮೈಗೆ ತಾಗಿಸಿ, ಕಿತ್ತುಕೊಳ್ಳಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ಪೋಕೆಲ್ಸ್ ಗುಂಡಿಯನ್ನು ನೀರಿನಿಂದ ಎತ್ತಿ ತೂಗಿದ್ದೂ ಇದನ್ನೇ ಅಲ್ಲವೇ ಎಂದು ನಾನು ಕೇಳಿದೆ. 'ಹೌದಮ್ಮಾ, ನಾನು ಹಾಗೆ ಯೋಚಿಸಿಯೇ ಇರಲಿಲ್ಲ' ಎಂದಳು ಮಗಳು. ತಾಯಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೇ!

ಹಿಡಿತ ಬೇಕಾದ ಕಡೆಗಳೂ ಉಂಟು. ರಕ್ತದ ಸಕ್ಕರೆ ಅಳೆಯುವ ಪಟ್ಟಿಯಂತಹ ಸಂವೇದಕಗಳಲ್ಲಿ ಕಿಣ್ವ ಗಟ್ಟಿಯಾಗಿ ಅಂಟಿರಬೇಕು, ಆದರೆ ಆಕಾರ ಕೆಡಬಾರದು. ಪ್ರೋಟೀನುಗಳನ್ನು ಬೇರ್ಪಡಿಸುವ ಯಂತ್ರದಲ್ಲಿ ಬೇಕಾದದ್ದು ಅಂಟಿ ಬೇಡದ್ದು ಹರಿದುಹೋಗಬೇಕು. ಎಷ್ಟು ಬೆರೆಸಿದರೆ ಹಿಡಿಯುವುದು, ಎಷ್ಟಕ್ಕೆ ಬಿಡುವುದು ಎಂಬ ಹದವೇ ಇದರ ಮರ್ಮ.

ಇದರಿಂದ ಅಪ್ಪನ ಕವಾಟಕ್ಕೆ ಏನು ಪ್ರಯೋಜನವೆಂದು ನಾನು ಕೇಳದೆ ಇರಲಿಲ್ಲ. ಮಗಳು ಸುಳ್ಳು ಭರವಸೆ ಕೊಡುವವಳಲ್ಲ. ರಕ್ತದಲ್ಲಿ ನೂರಾರು ಪ್ರೋಟೀನುಗಳಿವೆ, ಪ್ರಯೋಗದಲ್ಲಿರುವುದು ಒಂದೋ ಎರಡೋ ಎಂದಳು. ಈ ದ್ರವಗಳೆಲ್ಲ ಸಾಧುಗಳೂ ಅಲ್ಲ. ಆವಿಯಾಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಇವನ್ನು ಮೊದಲು ಪರಿಸರಸ್ನೇಹಿಗಳೆಂದು ಹಾಡಿ ಹೊಗಳಿದರು. ಉದ್ದ ಬಾಲದ ಇಮಿಡಜೋಲಿಯಂ ದ್ರವಗಳು ಜೀವಕೋಶಗಳಿಗೆ ವಿಷವೆಂಬುದು ಆಮೇಲೆ ತಿಳಿಯಿತು. 2018ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು ಕಸದ ತಿಪ್ಪೆಯ ಬಳಿಯ ಮಣ್ಣಿನಲ್ಲಿ ಅಂತಹ ಅಯಾನೊಂದನ್ನು ಗುರುತಿಸಿ, ಯಕೃತ್ತಿನ ಕಾಯಿಲೆಯೊಂದಕ್ಕೆ ಅದು ಪ್ರಚೋದಕವಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದ್ದಾರೆ. ಕೋಲೀನಿನಂತಹ ಸೌಮ್ಯ ಅಯಾನುಗಳತ್ತ ಈಗ ಹೆಚ್ಚು ಗಮನ ಹರಿದಿರುವುದು ಇದರಿಂದಲೇ. ಎದೆಯೊಳಗೆ ಇಡುವ ವಸ್ತುವಿನವರೆಗೆ ಈ ವಿದ್ಯೆ ಬರಲು ಇನ್ನೂ ದೂರವಿದೆ.

ಇವರು ಇದನ್ನೆಲ್ಲ ದಿನಪತ್ರಿಕೆ ಓದುತ್ತ ಕೇಳಿಸಿಕೊಳ್ಳುತ್ತಿದ್ದರು. 'ಒಟ್ಟಿನಲ್ಲಿ ಇಲಿ ಪಾಷಾಣ ತಪ್ಪಲಿಲ್ಲ ಅನ್ನು' ಎಂದು ನಕ್ಕರು. ಮೊನ್ನೆ ಮಂಗಳವಾರದ ರಕ್ತಪರೀಕ್ಷೆಯಲ್ಲಿ ಅಂಕ 2.8 ಬಂದಿತು, ಇವರ ಕವಾಟಕ್ಕೆ ಇರಬೇಕಾದದ್ದು 2.5ರಿಂದ 3.5ರ ನಡುವೆ. ಸಂಜೆ ಭಾರತೀಯ ಅಂಗಡಿಯಲ್ಲಿ ಎಳೆಯ ದಂಟಿನ ಸೊಪ್ಪು ಸಿಕ್ಕಿತ್ತು. ಅಳತೆಯ ಬಟ್ಟಲಿನಲ್ಲಿ ಒತ್ತದೆ ಒಂದು ಬಟ್ಟಲು ತುಂಬಿ, ಉಳಿದದ್ದನ್ನು ನಾಳೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಸ್ಸಾರಿಗೆ ಎಸರಿಟ್ಟೆ.